ಕಂದು ಮರವೇ, ಕೆಂಪು-ಹಸಿರೇ? ‘ಬಟಾವಿಯಾ’ ಮಾದರಿಗೆ ಬಣ್ಣ ಹಚ್ಚುವ ಮುನ್ನ

ಪ್ರಶ್ನೆ: ನಾನು ಕುಂದಾಪುರದ ಬಳಿ ವಾಸವಾಗಿರುವ ನಿವೃತ್ತ ಬ್ಯಾಂಕ್ ಅಧಿಕಾರಿ. ನೆದರ್‌ಲೆಂಡ್ಸ್‌ನಲ್ಲಿರುವ ಮಗಳು ತಂದುಕೊಟ್ಟ ಕಿಟ್‌ನಿಂದ 17ನೇ ಶತಮಾನದ ಡಚ್ ಹಡಗು ‘ಬಟಾವಿಯಾ’ದ 1:72 ಪ್ರಮಾಣದ ಮಾದರಿ ಕಟ್ಟುತ್ತಿದ್ದೇನೆ. ಒಡಲಿಗೆ ಹಲಗೆ ಹೊದಿಸಿ ಮುಗಿದಿದೆ, ಹಿಂಬದಿಯ ಅಲಂಕಾರಕ್ಕೆ ಬಂದು ಕೈ ನಿಂತಿದೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಹಡಗೆಲ್ಲ ಕಂದು ಬಣ್ಣ, ಬೊಂಬೆಗಳೆಲ್ಲ ಚಿನ್ನದ ಬಣ್ಣ. ಮಗಳು ಅಲ್ಲಿನ ಲೆಲಿಸ್ಟಾಡ್ ಊರಿನಲ್ಲಿ ತೆಗೆದ ಫೋಟೊಗಳಲ್ಲಿ ಅದೇ ಹಡಗು ಬಣ್ಣಬಣ್ಣವಾಗಿದೆ. ಹಳೆಯ ಹಡಗುಗಳಿಗೆ ಬಣ್ಣವೇ ಇರಲಿಲ್ಲ, ತಳಕ್ಕೆ ಮಾತ್ರ ತಾಮ್ರದ ತಗಡು ಹೊಡೆಯುತ್ತಿದ್ದರು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಹಡಗಿನ ಉದ್ದ 160 ಅಡಿ ಎಂದು ಓದಿದ್ದೇನೆ, ಆದರೆ ಲೆಕ್ಕ ಹಾಕಿದರೆ ಕಿಟ್‌ನ ಒಡಲು ಸುಮಾರು 5 ಸೆಂಟಿಮೀಟರ್ ಗಿಡ್ಡವಾಗಿದೆ. ಕಿಟ್ ತಪ್ಪೇ? ಇಂಥ ಹಡಗು ನಮ್ಮ ಬಸರೂರಿಗೆ ಬಂದಿತ್ತೇ ಎಂಬ ಕುತೂಹಲವೂ ಇದೆ. ಕೊನೆಯದಾಗಿ, ಮಳೆಗಾಲದಲ್ಲಿ ಗಾಜಿನ ಕಪಾಟಿನಲ್ಲಿ ಇಟ್ಟಿದ್ದ ಲೋಹದ ಬೊಂಬೆಗಳ ಮೇಲೆ ಬಿಳಿ ಪುಡಿ ಕಾಣಿಸಿಕೊಂಡಿದೆ. ಒರೆಸಿದರೆ ಮತ್ತೆ ಬರುತ್ತದೆ. ಇದು ಬೂಷ್ಟೇ?

ಉತ್ತರ: ನೀವು ಕೊನೆಗೆ ಕೇಳಿದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬಣ್ಣದ ಪ್ರಶ್ನೆ ಒಂದು ವರ್ಷ ಬೇಕಾದರೂ ಕಾಯುತ್ತದೆ, ಆ ಬಿಳಿ ಪುಡಿ ಕಾಯುವುದಿಲ್ಲ.

ಅದು ಬೂಷ್ಟಲ್ಲ. ನಿಮ್ಮ ಬೊಂಬೆಗಳು ಸೀಸದವು, ಅಥವಾ ಸೀಸ ಹೆಚ್ಚು ಬೆರೆತ ಲೋಹದವು ಎಂದೇ ನನ್ನ ಅಂದಾಜು. ಪರೀಕ್ಷೆ ಸುಲಭ. ಕೈಗವಸು ಹಾಕಿಕೊಂಡು ಬೊಂಬೆಯ ಹಿಂಬದಿಯನ್ನು ಬಿಳಿ ಕಾಗದದ ಮೇಲೆ ಉಜ್ಜಿ. ಪೆನ್ಸಿಲ್ಲಿನಂತೆ ಬೂದು ಗೆರೆ ಬಿದ್ದರೆ ಸೀಸವಿದೆ ಎಂದು ತಿಳಿಯಿರಿ. ಮರದಿಂದ, ಅದರಲ್ಲೂ ಓಕ್ ಮರದಿಂದ, ಜೊತೆಗೆ ಪ್ಲೈವುಡ್ ಮತ್ತು ಎಂಡಿಎಫ್ ಹಲಗೆಗಳಿಂದ ಆಮ್ಲದ ಆವಿ ಸದಾ ಸ್ವಲ್ಪ ಸ್ವಲ್ಪವೇ ಹೊರಬರುತ್ತಿರುತ್ತದೆ. ಗಾಜು ಕೂಡಿಸಲು ಬಳಸುವ ಅಗ್ಗದ ಸಿಲಿಕೋನ್ ಅಂಟಿಗೆ ವಿನೆಗರ್ ವಾಸನೆ ಇರುತ್ತದಲ್ಲ, ಅದೂ ಇದೇ ಅಸಿಟಿಕ್ ಆಮ್ಲ. ತೆರೆದ ಕೋಣೆಯಲ್ಲಿ ಈ ಆವಿ ಹಾರಿಹೋಗುತ್ತದೆ. ಮುಚ್ಚಿದ ಕಪಾಟಿನಲ್ಲಿ ಹೋಗಲು ದಾರಿಯಿಲ್ಲ. ನಿಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ. 80 ದಾಟುವುದು ದಿನನಿತ್ಯದ ಮಾತು. ಆಮ್ಲ, ತೇವ ಮತ್ತು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮೂರೂ ಸೇರಿ ಸೀಸವನ್ನು ಸೀಸದ ಕಾರ್ಬೊನೇಟ್ ಆಗಿ ಬದಲಿಸುತ್ತವೆ. ಆ ಬಿಳಿ ಪುಡಿ ಎಂದರೆ ನಿಮ್ಮ ಬೊಂಬೆಯೇ ಕರಗಿ ಬಂದದ್ದು.

ಇಲ್ಲೊಂದು ತಮಾಷೆ ಇದೆ. 17ನೇ ಶತಮಾನದ ಡಚ್ಚರು ಬಿಳಿ ಬಣ್ಣ ತಯಾರಿಸುತ್ತಿದ್ದುದೇ ಹೀಗೆ. ಮಡಕೆಯಲ್ಲಿ ವಿನೆಗರ್ ಹಾಕಿ, ಮೇಲೆ ಸೀಸದ ಸುರುಳಿ ಇಟ್ಟು, ಮಡಕೆಗಳನ್ನು ಕುದುರೆ ಲದ್ದಿಯಲ್ಲಿ ವಾರಗಟ್ಟಲೆ ಹೂತಿಡುತ್ತಿದ್ದರು. ಲದ್ದಿ ಕೊಳೆತು ಶಾಖವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತಿತ್ತು. ತೆಗೆದಾಗ ಸುರುಳಿಯ ಮೇಲೆ ಬಿಳಿ ಹೊಪ್ಪಳೆ ಕಟ್ಟಿರುತ್ತಿತ್ತು. ಅದನ್ನು ಕೆರೆದು, ಅರೆದು, ಅಗಸೆ ಎಣ್ಣೆಯಲ್ಲಿ ಕಲಸಿದರೆ ಚಿತ್ರಕಾರನಿಗೂ ಹಡಗಿಗೂ ಬೇಕಾದ ಸಫೇದ. ನಿಮ್ಮ ಕಪಾಟು ಲದ್ದಿಯಿಲ್ಲದೆಯೇ ಅದೇ ಕೆಲಸ ಮಾಡುತ್ತಿದೆ.

ಪುಡಿ ವಿಷಕಾರಿ. ಒಣಗಿದ್ದಾಗ ಉಜ್ಜಬೇಡಿ, ಊದಬೇಡಿ, ಮೊಮ್ಮಕ್ಕಳ ಕೈಗೆ ಸಿಗದಂತೆ ಇಡಿ. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಮೇಲೆ ಬಣ್ಣ ಹಚ್ಚಿದರೆ ಮುಚ್ಚಿಹೋಗುತ್ತದೆ ಎಂದು ಹಲವರು ನಂಬುತ್ತಾರೆ. ಬಣ್ಣ ವೇಗವನ್ನು ತಗ್ಗಿಸುತ್ತದೆ ಅಷ್ಟೇ, ನಿಲ್ಲಿಸುವುದಿಲ್ಲ. ದುರಸ್ತಿಗೆಂದು ನನ್ನ ಮೇಜಿಗೆ ಬರುವ ಮಾದರಿಗಳಲ್ಲಿ ಬಣ್ಣದ ಚರ್ಮ ಹಾಗೆಯೇ ಇದ್ದು ಒಳಗಿನ ಬೊಂಬೆ ಪುಡಿಯಾಗಿರುವುದನ್ನು ನೋಡುತ್ತಲೇ ಇರುತ್ತೇನೆ. ಮುಖದ ಗೆರೆಗಳು ಈಗಾಗಲೇ ಸವೆದಿದ್ದರೆ ಆ ಬೊಂಬೆಗಳ ಆಸೆ ಬಿಡಿ. ಬದಲಿಗೆ ಏನು ಮಾಡಬಹುದು ಎಂಬುದನ್ನು ಮುಂದೆ ಹೇಳುತ್ತೇನೆ. ಕಪಾಟನ್ನು ಮಾತ್ರ ಬದಲಿಸಲೇಬೇಕು. ಗಾಜು ಮತ್ತು ಅಲ್ಯೂಮಿನಿಯಂ ಚೌಕಟ್ಟು, ವಾಸನೆಯಿಲ್ಲದ ‘ನ್ಯೂಟ್ರಲ್’ ಬಗೆಯ ಸಿಲಿಕೋನ್, ಕೆಳಗೂ ಮೇಲೂ ಸಣ್ಣ ಬಲೆ ಹೊದಿಸಿದ ಗಾಳಿಕಿಂಡಿ. ಧೂಳು ಒಂದಿಷ್ಟು ಬಂದರೆ ಬರಲಿ.

ಇನ್ನು 5 ಸೆಂಟಿಮೀಟರಿನ ಲೆಕ್ಕ. ಕಿಟ್ ಸರಿಯಾಗಿಯೇ ಇದೆ, ನಿಮ್ಮ ಅಡಿಕೋಲು ಇಂಗ್ಲಿಷರದ್ದು. ಆಮ್‌ಸ್ಟರ್‌ಡ್ಯಾಮಿನ ಅಡಿ 28.3 ಸೆಂಟಿಮೀಟರ್, ಅದರಲ್ಲಿ ಅಂಗುಲಗಳು 12 ಅಲ್ಲ, 11. ಹಾಗಾಗಿ 160 ಅಡಿ ಎಂದರೆ 45.3 ಮೀಟರ್, 1:72ರಲ್ಲಿ ಸುಮಾರು 63 ಸೆಂಟಿಮೀಟರ್. ನಮ್ಮ ಅಡಿಯಲ್ಲಿ ಹಾಕಿದರೆ 67.7 ಬರುತ್ತದೆ, ನಿಮ್ಮನ್ನು ಕಾಡಿದ ವ್ಯತ್ಯಾಸ ಅಲ್ಲಿಯೇ ಇದೆ. ಈ ಅಳತೆ ಒಡಲಿನ ಮುಂತುದಿಯ ನೆಟ್ಟ ಮರದಿಂದ ಹಿಂತುದಿಯ ನೆಟ್ಟ ಮರದವರೆಗಿನದು. ಮುಂದಕ್ಕೆ ಚಾಚಿದ ಮೂತಿ ಅದರಲ್ಲಿ ಸೇರುವುದಿಲ್ಲ. ಅದಕ್ಕಾಗಿಯೇ ಲೆಲಿಸ್ಟಾಡ್‌ನ ಹಡಗಿನ ಒಟ್ಟು ಉದ್ದ 56 ಮೀಟರಿಗೂ ಹೆಚ್ಚು ಎಂದು ಬರೆದಿರುತ್ತಾರೆ. ಎರಡೂ ನಿಜ.

ಈಗ ಬಣ್ಣ. ನಿಮ್ಮ ಸ್ನೇಹಿತರ ಮಾತು, ಪೆಟ್ಟಿಗೆಯ ಚಿತ್ರ, ಮಗಳ ಫೋಟೊ ಈ ಮೂರರಲ್ಲಿ ಯಾವುದು ಸರಿ ಎಂದು ನೀವು ಕೇಳುತ್ತಿದ್ದೀರಿ. ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ: ನೀವು ಕಟ್ಟುತ್ತಿರುವುದು ಯಾವ ಬಟಾವಿಯಾ? ಹೆಸರು ಒಂದೇ ಆದರೂ ಹಡಗುಗಳು ಎರಡು. ಒಂದು, ಡಚ್ ಈಸ್ಟ್ ಇಂಡಿಯಾ ಕಂಪನಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಟ್ಟಿಸಿ 1628ರಲ್ಲಿ ನೀರಿಗಿಳಿಸಿದ್ದು. ಮೊದಲ ಯಾನದಲ್ಲೇ, 1629ರ ಜೂನ್ 4ರ ನಸುಕಿನಲ್ಲಿ, ಆಸ್ಟ್ರೇಲಿಯದ ಪಶ್ಚಿಮ ತೀರದಾಚೆಯ ಹೌಟ್‌ಮನ್ ಅಬ್ರೊಲೋಸ್ ಹವಳದಿಬ್ಬಗಳಿಗೆ ಬಡಿದು ಒಡೆಯಿತು. ಎರಡನೆಯದು, ಹಡಗು ಕಟ್ಟುವ ಮೇಸ್ತ್ರಿ ವಿಲ್ಲೆಮ್ ಫೋಸ್ ಅವರ ಮುಂದಾಳತ್ವದಲ್ಲಿ 1985ರಿಂದ 1995ರವರೆಗೆ ಲೆಲಿಸ್ಟಾಡ್‌ನಲ್ಲಿ ಎದ್ದ ಪುನರ್ನಿರ್ಮಾಣ. ನಿಮ್ಮ ಮಗಳು ಕಂಡದ್ದು ಎರಡನೆಯದನ್ನು. ಮೊದಲನೆಯದರ ಬಣ್ಣ ಕಂಡವರು ಯಾರೂ ಬರೆದಿಟ್ಟಿಲ್ಲ, ನಂಬಬಹುದಾದ ಚಿತ್ರವೂ ಉಳಿದಿಲ್ಲ. ಸಮುದ್ರದಿಂದ ಎತ್ತಿದ ಅದರ ಹಿಂಭಾಗದ ಒಂದು ಪಾಲು ಫ್ರಿಮ್ಯಾಂಟಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅದರಿಂದ ಹಲಗೆಯ ದಪ್ಪ, ಜೋಡಣೆ ತಿಳಿಯುತ್ತದೆ, ಮೇಲಿನ ಬೊಂಬೆಗಳ ಅಂಗಿಯ ಬಣ್ಣ ತಿಳಿಯುವುದಿಲ್ಲ.

ನಕ್ಷೆ ನೋಡಬಾರದೇ ಎಂದರೆ, ನಕ್ಷೆಯೇ ಇರಲಿಲ್ಲ. ಆ ಕಾಲದ ಆಮ್‌ಸ್ಟರ್‌ಡ್ಯಾಮಿನ ಮೇಸ್ತ್ರಿಗಳು ಕಾಗದದ ಮೇಲೆ ಹಡಗು ಬರೆಯುತ್ತಿರಲಿಲ್ಲ. ಉದ್ದ, ಅಗಲ, ಆಳಗಳನ್ನು ಕರಾರಿನಲ್ಲಿ ಬರೆದುಕೊಂಡು, ತಳದ ಹಲಗೆಗಳನ್ನು ಮೊದಲು ಕೂಡಿಸಿ, ಆಕಾರ ಬಂದ ಮೇಲೆ ಒಳಗೆ ಪಕ್ಕೆಲುಬು ಇಡುತ್ತಿದ್ದರು. ನಿಮ್ಮ ಕಿಟ್‌ನಲ್ಲಿ ಪಕ್ಕೆಲುಬು ಮೊದಲು, ಹಲಗೆ ಆಮೇಲೆ, ಸಂಪೂರ್ಣ ತಿರುಗುಮುರುಗು. ಈ ಕಸುಬನ್ನು ಪುಸ್ತಕಕ್ಕೆ ಇಳಿಸಿದ ನಿಕೊಲಾಸ್ ವಿಟ್ಸೆನ್ ಬರೆದದ್ದು 1671ರಲ್ಲಿ, ಕೊರ್ನೆಲಿಸ್ ಫಾನ್ ಐಕ್ 1697ರಲ್ಲಿ. ಬಟಾವಿಯಾ ಮುಳುಗಿ ಆಗ ದಶಕಗಳೇ ಕಳೆದಿದ್ದವು.

ಹಾಗಾದರೆ ‘ಬಣ್ಣವೇ ಇರಲಿಲ್ಲ’ ಎಂಬ ಮಾತು ಎಲ್ಲಿಂದ ಬಂತು? ನನ್ನ ಅನುಭವದಲ್ಲಿ, ಗೋಡೆಗೂಡಿನಲ್ಲಿ ಇಡುವ ಅಲಂಕಾರದ ಮಾದರಿಗಳಿಂದ, ಪಾಲಿಶ್ ಮಾಡಿದ ವಾಲ್‌ನಟ್ ಮರದ ಮೇಲಿನ ಮೋಹದಿಂದ. ಶತಮಾನಗಳ ವಾರ್ನಿಷ್ ಕುಡಿದು ಕಂದಾಗಿರುವ ವಸ್ತುಸಂಗ್ರಹಾಲಯದ ಹಳೆಯ ಮಾದರಿಗಳೂ ಕಾರಣ. ನಿಜಸಂಗತಿಗೆ ದೊಡ್ಡ ಸಾಕ್ಷಿ ಸ್ಟಾಕ್‌ಹೋಮ್‌ನಲ್ಲಿದೆ. 1628ರಲ್ಲೇ ಮುಳುಗಿ 1961ರಲ್ಲಿ ಮೇಲೆದ್ದ ಸ್ವೀಡನ್ನಿನ ಯುದ್ಧನೌಕೆ ‘ವಾಸಾ’ವನ್ನು ಕಟ್ಟಿದ್ದು ಹೆನ್ರಿಕ್ ಹೈಬರ್ಟ್‌ಸನ್ ಎಂಬ ಡಚ್ ಮೇಸ್ತ್ರಿ. ಅದರ ನೂರಾರು ಶಿಲ್ಪಗಳು ಕಪ್ಪು-ಕಂದು ಮರವಾಗಿ ಹೊರಬಂದವು. ನೀಲಿ ಹಿನ್ನೆಲೆಯ ಮೇಲೆ ಚಿನ್ನ ಎಂದು ಮೊದಲು ಎಲ್ಲರೂ ಭಾವಿಸಿದ್ದರು. ಮರದ ಬಿರುಕಿನಲ್ಲಿ ಉಳಿದಿದ್ದ ಬಣ್ಣದ ಕಣಗಳನ್ನು ಸೂಕ್ಷ್ಮದರ್ಶಕದಡಿ ನೋಡಿದ ಮೇಲೆ ಚಿತ್ರ ಬದಲಾಯಿತು: ಹಿನ್ನೆಲೆ ಕೆಂಪು, ಬೊಂಬೆಗಳಿಗೆ ಮೈಬಣ್ಣ, ತುಟಿಗೆ ಕೆಂಪು, ಬಟ್ಟೆಗೆ ಹಸಿರು-ಹಳದಿ, ಅಲ್ಲಲ್ಲಿ ಚಿನ್ನದ ರೇಕು. ನಮ್ಮ ದೇವಸ್ಥಾನಗಳ ಗೋಪುರ ಕಂಡವರಿಗೆ ಇದು ಆಘಾತವೇನಲ್ಲ, ಯುರೋಪಿನ ಎಷ್ಟೋ ಹವ್ಯಾಸಿಗಳಿಗೆ ಮಾತ್ರ ಇಂದಿಗೂ ಒಗ್ಗಿಲ್ಲ.

ಆದರೆ ವಾಸಾ ರಾಜನ ಹಡಗು. ನಿಮ್ಮದು ವ್ಯಾಪಾರಿ ಕಂಪನಿಯದು, ಖರ್ಚಿನ ಪುಸ್ತಕ ಇಟ್ಟುಕೊಂಡ ಯಜಮಾನರದು. ಆದ್ದರಿಂದ ಚಿನ್ನವನ್ನು ಹಿಂದಕ್ಕೆ ಸರಿಸಿ ಹಳದಿ ಬಣ್ಣವನ್ನು ಮುಂದೆ ತನ್ನಿ. ಅಂದಿನ ಬಣ್ಣದ ಡಬ್ಬಿಯಲ್ಲಿ ಇದ್ದವು ಇವು: ಸೀಸದ ಬಿಳಿ, ಕಾಡಿಗೆ ಕಪ್ಪು, ಕೆಮ್ಮಣ್ಣು, ಹಳದಿ ಮಣ್ಣು, ಸೀಸ-ತವರದ ಹಳದಿ, ದುಬಾರಿಯಾದ ಇಂಗಳೀಕದ ಕೆಂಪು, ತಾಮ್ರದ ಕಿಲುಬಿನಿಂದ ತೆಗೆದ ಹಸಿರು, ಕೋಬಾಲ್ಟ್ ಬೆರೆತ ಗಾಜಿನ ಪುಡಿಯ ನೀಲಿ. ಆ ಹಸಿರು ಕಾಲಕ್ರಮದಲ್ಲಿ ಕಂದಾಗುತ್ತದೆ, ಆ ನೀಲಿ ಎಣ್ಣೆಯಲ್ಲಿ ಬೂದಾಗುತ್ತದೆ. ಹಾಗಾಗಿ ಅಂಗಡಿಯ ಟ್ಯೂಬಿನಿಂದ ನೇರ ಹಿಂಡಿದ ಮಿರಿಮಿರಿ ಹಸಿರು, ನೀಲಿ ಬಳಸಬೇಡಿ. ಎರಡಕ್ಕೂ ಚೂರು ಕಂದು ಬೆರೆಸಿ. ಕಪ್ಪನ್ನೂ ಹಾಗೆಯೇ ಹಚ್ಚದೆ ಸ್ವಲ್ಪ ಬೂದು ಮಾಡಿ. 72 ಪಟ್ಟು ಕುಗ್ಗಿಸಿದ ವಸ್ತುವಿನ ಮೇಲೆ ಅಚ್ಚ ಕಪ್ಪು ರಂಧ್ರದಂತೆ ಕಾಣುತ್ತದೆ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಬಣ್ಣವಿಲ್ಲದೆ ಮರವನ್ನೇ ಮರವಾಗಿ ಬಿಡುವುದು ಒಂದು. ಇದು ಸುಳ್ಳಲ್ಲ, ಮರಗೆಲಸವನ್ನು ತೋರಿಸುವ ಒಂದು ಶೈಲಿ. ಆದರೆ ಶೈಲಿ ಆರಿಸಿಕೊಂಡ ಮೇಲೆ ಬೊಂಬೆಗಳೂ ಮರದವೇ ಆಗಬೇಕು. ಕಂದು ಹಡಗಿಗೆ ಚಿನ್ನದ ಸ್ಪ್ರೇ ಹೊಡೆದ ಬೊಂಬೆ ಅಂಟಿಸುವುದು ಎರಡೂ ಲೋಕಕ್ಕೆ ಸಲ್ಲದ ಬೆರಕೆ. ಪೆಟ್ಟಿಗೆಯ ಚಿತ್ರ ಮಾಡಿರುವುದು ಅದನ್ನೇ. ಲೆಲಿಸ್ಟಾಡ್‌ನ ಹಡಗನ್ನು ಇದ್ದಂತೆ ನಕಲು ಮಾಡುವುದು ಎರಡನೆಯದು. ಫೋಟೊಗಳು ಬೇಕಾದಷ್ಟಿವೆ, ಅನುಮಾನ ಬಂದರೆ ಮಗಳು ಹೋಗಿ ನೋಡಿ ಹೇಳಬಲ್ಲಳು. ಅಪಾಯ ಒಂದೇ, ಅದು 20ನೇ ಶತಮಾನದ ವಿದ್ವತ್ತಿನ ಊಹೆ. ಅಡಿಯ ಫಲಕದಲ್ಲಿ ‘1995ರ ಪುನರ್ನಿರ್ಮಾಣದ ಪ್ರಕಾರ’ ಎಂದು ಬರೆದರೆ ಆ ಅಪಾಯವೂ ಕಳೆಯಿತು. ಮೂರನೆಯದು, 1628ರ ಹಡಗನ್ನು ಅಂದಿನ ಚಿತ್ರಗಳ ಆಧಾರದಿಂದ ನೀವೇ ಊಹಿಸುವುದು. ಇಲ್ಲಿ ಬಹಳ ಮಂದಿ ಎಡವುವುದು ಆಧಾರದ ಆಯ್ಕೆಯಲ್ಲಿ. ಡಚ್ ಹಡಗು ಎಂದಕೂಡಲೇ ಎಲ್ಲರೂ ತಂದೆ-ಮಗ ವಿಲ್ಲೆಮ್ ಫಾನ್ ಡೆ ಫೆಲ್ಡೆಯರ ರೇಖಾಚಿತ್ರಗಳಿಗೆ ಓಡುತ್ತಾರೆ. ತಂದೆ ಹುಟ್ಟಿದ್ದೇ 1611ರಲ್ಲಿ. ಅವರು ಬಿಡಿಸಿದ ಹಡಗುಗಳು ಹೆಚ್ಚಾಗಿ ಮುಂದಿನ ಪೀಳಿಗೆಯವು, ಚಿತ್ರಗಳಲ್ಲಿ ಬಹುಪಾಲು ಬೂದು ಶಾಯಿಯವು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ 1651ರ ‘ಪ್ರಿನ್ಸ್ ವಿಲ್ಲೆಮ್’ ಮಾದರಿ, 1698ರ 1:12 ಪ್ರಮಾಣದ ಭಾರಿ ‘ವಿಲಿಯಂ ರೆಕ್ಸ್’ ಮಾದರಿ ಇವೂ ಅದ್ಭುತವೇ, ಆದರೆ ನಿಮ್ಮ ಹಡಗಿಗೆ ತಡವಾದವು. ನಿಮಗೆ ಬೇಕಾದವನು 1640ರಲ್ಲಿ ತೀರಿಕೊಂಡ ಹೆಂಡ್ರಿಕ್ ಫ್ರೂಮ್. ಅವನ ವರ್ಣಚಿತ್ರಗಳಲ್ಲಿ ಹಡಗಿನ ಮೇಲ್ಭಾಗದ ಪಟ್ಟಿಗಳ ಮೇಲೆ ಬಣ್ಣದ ತ್ರಿಕೋನ, ಚೌಕಳಿಗಳು ಸಾಲಾಗಿ ಕಾಣುತ್ತವೆ. ಈ ದಾರಿಯ ತೊಂದರೆ ಎಂದರೆ ಮುಗಿಯದಿರುವುದು. ಆಧಾರ ಹುಡುಕುತ್ತ ಹಡಗು ಕಟ್ಟುವುದನ್ನೇ ಬಿಟ್ಟವರನ್ನು ಬಲ್ಲೆ.

ನನ್ನನ್ನು ಕೇಳಿದರೆ, ಮೊದಲ ಹಡಗು ಕಟ್ಟುತ್ತಿರುವ ನೀವು ಎರಡನೆಯ ದಾರಿ ಹಿಡಿಯಿರಿ, ಬಣ್ಣಗಳನ್ನು ಮಾತ್ರ ಒಂದು ಮೆಟ್ಟಿಲು ಮಂಕಾಗಿಸಿ.

ಒಡಲಿನ ಬದಿಗೆ ಬಣ್ಣದ ಅಗತ್ಯವಿಲ್ಲ, ಅಷ್ಟರಮಟ್ಟಿಗೆ ನಿಮ್ಮ ಸ್ನೇಹಿತರು ಗೆದ್ದರು. ಅಲ್ಲಿಗೆ ರಾಳವನ್ನು ಅಗಸೆ ಎಣ್ಣೆಯಲ್ಲಿ ಕುದಿಸಿ ಬಳಿಯುತ್ತಿದ್ದರು, ಓಕ್ ಮರ ಜೇನುಬಣ್ಣಕ್ಕೆ ತಿರುಗುತ್ತಿತ್ತು. ಸುತ್ತ ಓಡುವ ದಪ್ಪ ಹಲಗೆಪಟ್ಟಿಗಳನ್ನು ಮಾತ್ರ ಟಾರಿನ ಕಪ್ಪು ಮಾಡಬಹುದು. ಆದರೆ ತಾಮ್ರದ ತಗಡನ್ನು ದಯವಿಟ್ಟು ಮರೆತುಬಿಡಿ. ಹಡಗಿನ ತಳಕ್ಕೆ ತಾಮ್ರ ಹೊದಿಸುವ ರೂಢಿ ಬಂದದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ, ಬಟಾವಿಯಾ ಕಾಲಕ್ಕೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ದೂರ. ಉಷ್ಣವಲಯದ ನೀರಿನಲ್ಲಿ ಮರ ಕೊರೆಯುವ ಹಡಗುಹುಳುವಿಗೆ ಅಂದಿನ ಡಚ್ಚರ ಉತ್ತರ ಬೇರೆ. ಓಕ್ ಹಲಗೆಯ ಮೇಲೆ ಟಾರು ಮತ್ತು ಪ್ರಾಣಿಗಳ ಕೂದಲಿನ ಪದರ, ಅದರ ಮೇಲೆ ಬಲಿಗೆಂದೇ ಹೊಡೆದ ಪೈನ್ ಹಲಗೆ. ಹುಳು ತಿಂದರೆ ಅದನ್ನು ತಿನ್ನಲಿ ಎಂದು. ಕೊನೆಗೆ ರಾಳ, ಕೊಬ್ಬು, ಗಂಧಕ ಕೂಡಿಸಿದ ಬಿಳಿ ಲೇಪ. ಅರಬ್ಬೀ ಸಮುದ್ರದ ಮರದ ಹಡಗುಗಳಾದ ಉರುಗಳ ತಳಕ್ಕೆ ಸುಣ್ಣ-ಕೊಬ್ಬು ಬಳಿಯುವುದನ್ನು ನೀವು ಕೇಳಿರಬಹುದು, ಕಾಣಲು ಹೆಚ್ಚುಕಡಿಮೆ ಹಾಗೆಯೇ. ಮಾದರಿಯಲ್ಲಿ ಕೆನೆಬಿಳಿಗೆ ತುಸು ಹಳದಿ, ತುಸು ಬೂದು ಬೆರೆಸಿ ಹೊಳಪಿಲ್ಲದಂತೆ ಹಚ್ಚಿ.

ಹಲಗೆಗಳ ಮೇಲೆ ಮರದ ಗೂಟಗಳ ಚುಕ್ಕೆ ಕೊರೆಯಬೇಕೆಂದು ಯಾರಾದರೂ ಹೇಳಿದರೆ ಲೆಕ್ಕ ಹಾಕಿ: ನಿಜದಲ್ಲಿ 3 ಸೆಂಟಿಮೀಟರಿನ ಗೂಟ ನಿಮ್ಮ ಹಡಗಿನಲ್ಲಿ 0.4 ಮಿಲಿಮೀಟರ್. ಅದಕ್ಕಿಂತ ದಪ್ಪಗೆ ಕೊರೆದರೆ ಹಡಗಿಗೆ ಸಿಡುಬು ಬಂದಂತಾಗುತ್ತದೆ. ಬಿಟ್ಟರೆ ನಷ್ಟವಿಲ್ಲ.

ಬೊಂಬೆಗಳಿಗೆ ಬರೋಣ. ಸೀಸದವನ್ನು ತೆಗೆದಮೇಲೆ ತವರದ ಎರಕ, ರೆಸಿನ್‌ನ 3ಡಿ ಮುದ್ರಣ, ಎಪಾಕ್ಸಿ ಪುಟ್ಟಿ, ಮರದ ಕೆತ್ತನೆ ಇಷ್ಟು ಉಳಿಯುತ್ತವೆ. ತವರದ ಎರಕ ಸಿಕ್ಕರೆ ಸುಲಭ, ಆದರೆ ಕಾಗದದ ಪರೀಕ್ಷೆ ಮಾಡದೆ ಕೊಳ್ಳಬೇಡಿ. ರೆಸಿನ್ ಮುದ್ರಣದಲ್ಲಿ ಮೂಗು, ಬೆರಳು ಕೂಡ ಬರುತ್ತವೆ. ಬೆಳಕಿಗೆ ಕೆಲವು ರೆಸಿನ್‌ಗಳು ಹಳದಿಯಾಗಿ ಗಡುಸಾಗುತ್ತವೆ, ಬಣ್ಣ ಹಚ್ಚುವುದರಿಂದ ನಿಮಗೆ ಅದು ಅಷ್ಟು ಬಾಧಿಸದು. ಪುಟ್ಟಿಯಲ್ಲಿ ಕೈ ಪಳಗಲು ಸಮಯ ಬೇಕು, ಆದರೆ ಹಿಂಬದಿಯ ಬಾಗಿದ ಹಲಗೆಗೆ ಸರಿಯಾಗಿ ಕೂರುವಂತೆ ಸ್ಥಳದಲ್ಲೇ ತಿದ್ದಬಹುದು. ಕಿಟ್‌ನ ಎರಕದ ಬೊಂಬೆಗಳು ಸೋಲುವುದು ಇಲ್ಲಿಯೇ, ಅವು ಚಪ್ಪಟೆ, ಹಡಗಿನ ಹಿಂಬದಿ ಚಪ್ಪಟೆಯಲ್ಲ. ಒತ್ತಿ ಅಂಟಿಸಿದರೆ ಅಂಚು ಎದ್ದು ನಿಲ್ಲುತ್ತದೆ. ಮರ ಕೆತ್ತುವ ಧೈರ್ಯವಿದ್ದರೆ ಯುರೋಪಿನವರು ಹೇಳುವ ಬಾಕ್ಸ್‌ವುಡ್ ಹುಡುಕಿಕೊಂಡು ಅಲೆಯಬೇಡಿ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ಬಿಳುಪು, ಎಳೆ ಬಲು ಸಣ್ಣ, ಸೀಳುವುದಿಲ್ಲ. ಒಂದೂವರೆ ಅಂಗುಲದ ಬೊಂಬೆಗೆ ಅದಕ್ಕಿಂತ ಬೇರೆ ಬೇಕಿಲ್ಲ. ಕಿಟ್ ಜೊತೆಗಿರುವ ವಾಲ್‌ನಟ್ ಪಟ್ಟಿಯಲ್ಲಿ ಮಾತ್ರ ಕೆತ್ತಲು ಹೋಗಬೇಡಿ, ಅದರ ದೊರಗು ಎಳೆಯಲ್ಲಿ ಮುಖ ಮೂಡುವುದಿಲ್ಲ.

ಯಾವುದರಿಂದ ಮಾಡಿದರೂ ಬೊಂಬೆಗೆ ಬಣ್ಣ ಹಚ್ಚುವುದು ಅಂಟಿಸುವ ಮೊದಲು. ಬೂದು ಪ್ರೈಮರ್, ಆಮೇಲೆ ಮೂಲ ಬಣ್ಣ, ಅದು ಒಣಗಿದ ಮೇಲೆ ತೆಳ್ಳಗೆ ಕಲಸಿದ ಕಂದನ್ನು ಸುರಿದು ತಕ್ಷಣ ಒರೆಸಿ. ಕಂದು ತಗ್ಗುಗಳಲ್ಲಿ ಉಳಿದು ಮುಖಕ್ಕೆ ನೆರಳು ಕೊಡುತ್ತದೆ. ಚಿನ್ನ ಬೇಕೇ ಬೇಕೆಂದರೆ ಸಿಂಹದ ಕೇಸರಕ್ಕೋ ಕಿರೀಟಕ್ಕೋ ಕುಂಚದ ತುದಿಯಲ್ಲಿ ಮುಟ್ಟಿಸಿ. ಸ್ಪ್ರೇ ಡಬ್ಬಿಯ ಚಿನ್ನ ಗೆರೆಗಳನ್ನೆಲ್ಲ ತುಂಬಿ ಬೊಂಬೆಯನ್ನು ಬೆಣ್ಣೆಮುದ್ದೆ ಮಾಡಿಬಿಡುತ್ತದೆ.

ಬಾವುಟದ ವಿಷಯ ಚಿಕ್ಕದು. 1628ಕ್ಕೆ ಕಿತ್ತಳೆ-ಬಿಳಿ-ನೀಲಿ ಹಾಕಿದರೂ ನಡೆಯುತ್ತದೆ, ಕಿಟ್‌ನಲ್ಲಿ ಕೊಟ್ಟಿರುವ ಕೆಂಪು-ಬಿಳಿ-ನೀಲಿ ಆದರೂ ನಡೆಯುತ್ತದೆ. ಕಿತ್ತಳೆ ಕೆಂಪಾಗಿ ಬದಲಾದದ್ದು ಒಂದೇ ದಿನದಲ್ಲಿ ಅಲ್ಲ. ಕಂಪನಿಯ ಲಾಂಛನದ ಮೇಲೆ ಆಮ್‌ಸ್ಟರ್‌ಡ್ಯಾಮ್ ಶಾಖೆಯ ‘ಎ’ ಅಕ್ಷರ ಬರಲಿ. ಕಿಟ್‌ನಲ್ಲಿ ಚುಕ್ಕಾಣಿ ಚಕ್ರವೇನಾದರೂ ಇದ್ದರೆ ಎತ್ತಿಡಿ. ಆ ಕಾಲದಲ್ಲಿ ಚುಕ್ಕಾಣಿ ತಿರುಗಿಸುತ್ತಿದ್ದುದು ನೆಟ್ಟಗಿನ ಉದ್ದ ಕೋಲಿನಿಂದ, ಚಕ್ರ ಬಂದದ್ದು 18ನೇ ಶತಮಾನದಲ್ಲಿ. ಮೂತಿಯ ಕಂಬದ ಮೇಲೆ ತ್ರಿಕೋನ ಹಾಯಿಗಳೂ ಬೇಡ, ಅದರ ಕೆಳಗೆ ತೂಗುವ ಚೌಕ ಹಾಯಿ ಸಾಕು.

ಬಸರೂರು? ಬಟಾವಿಯಾ ಬರಲಿಲ್ಲ, ಜಾವಾದ ತನ್ನ ಹೆಸರಿನ ಊರನ್ನೇ (ಇಂದಿನ ಜಕಾರ್ತ) ಅದು ಮುಟ್ಟಲಿಲ್ಲ. ಡಚ್ ಕಂಪನಿ ಬಸರೂರಿನಲ್ಲಿ ವ್ಯಾಪಾರದ ನೆಲೆ ಇಟ್ಟು ಅಕ್ಕಿ ಕೊಂಡದ್ದು ಆ ಶತಮಾನದ ಉತ್ತರಾರ್ಧದಲ್ಲಿ, ಕೆಳದಿ ಅರಸರ ಆಳ್ವಿಕೆಯಲ್ಲಿ. ಇಷ್ಟು ದೊಡ್ಡ ಹಡಗು ನದಿಯೊಳಗೆ ಬರುವಂಥದ್ದೂ ಅಲ್ಲ, ಅಳಿವೆಯ ಹೊರಗೆ ಲಂಗರು ಹಾಕಿ ಸರಕನ್ನು ಸಣ್ಣ ದೋಣಿಗಳಲ್ಲಿ ತರಿಸಿಕೊಳ್ಳಬೇಕು.

ಮಳೆ ಹಿಡಿಯುವ ಮೊದಲು ಮಾಡಬೇಕಾದದ್ದು ಒಂದಿದೆ. ಒಡಲಿನ ಹೊರಗೆ ಪಾಲಿಶ್ ಮಾಡುವವರು ಒಳಗನ್ನು ಬರಿದೇ ಬಿಡುತ್ತಾರೆ. ಒಂದು ಕಡೆ ತೇವ ಕುಡಿದ ಹಲಗೆ ಡೊಂಕಾಗಿ ಕೂಡುಗೆರೆಗಳು ಬಾಯಿ ಬಿಡುತ್ತವೆ. ಮೇಲಟ್ಟ ಮುಚ್ಚುವ ಮುನ್ನ ಕೈಯಾಡುವಷ್ಟು ದೂರ ಒಳಗೂ ಅರಗಿನ ಪಾಲಿಶ್ ಎರಡು ಸಲ ಹೊಡೆಯಿರಿ. ಹಗ್ಗಗಳಿಗೆ ಕಿಟ್‌ನ ಹತ್ತಿದಾರ ಬೇಡ, ಅದು ಮಳೆಗಾಲದಲ್ಲಿ ಬಿಗಿದು ಬೇಸಿಗೆಯಲ್ಲಿ ಜೋಲುತ್ತದೆ, ತೆಳು ಕಂಬಗಳನ್ನು ಎಳೆದು ಬಗ್ಗಿಸಲೂಬಹುದು. ಪಾಲಿಯೆಸ್ಟರ್ ದಾರವನ್ನು ಮೂರೆಳೆ ಹೊಸೆದುಕೊಳ್ಳಿ. ಕಂಬಗಳನ್ನು ಹಿಡಿದು ನಿಲ್ಲಿಸುವ ಹಗ್ಗಗಳು ಟಾರು ಹಚ್ಚಿದ ಕಪ್ಪುಕಂದು, ಹಾಯಿ ಎಳೆಯುವವು ಒಣಹುಲ್ಲಿನ ಬಣ್ಣ. ಅವನ್ನು ಕಟ್ಟುವ ಕೆಲಸವನ್ನು ನವೆಂಬರಿಗೆ ಇಟ್ಟುಕೊಳ್ಳಿ.